ಎರಡು ಹನಿಗಳ ನಡುವಿನ ಓದು

ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಎರಡು ಥರದ ಡ್ರಾಪ್ಸ್ ಬರೆದುಕೊಟ್ಟರು. ಒಂದು ಹಾಕಿ 5 ನಿಮಿಷ ಬಿಟ್ಟು ಇನ್ನೊಂದು ಹಾಕಬೇಕು. ಒಟ್ಟಿಗೇ ಹಾಕಿದರೆ ಮೊದಲನೆಯದು ತೊಳೆದುಹೋಗುತ್ತದೆ. ಹೀಗೆ ದಿನಕ್ಕೆ 4 ಸಲ. ಆ 5 ನಿಮಿಷ ಅಮ್ಮ ಕಣ್ಣು ಮುಚ್ಚಿ ದಿಂಬಿಗೆ ಒರಗಿ ಕೂತಿರುತ್ತಿದ್ದರು. ನಾನು ಪಕ್ಕದಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಿದ್ದೆ. ಮೂರನೇ ದಿನ ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸುಮ್ನೆ ಕೂತಿದ್ದೀಯಲ್ಲ, ಏನಾದ್ರೂ ಓದು."

ಅಮ್ಮ ಓದದೆ ಇದ್ದವರಲ್ಲ. ಮಧ್ಯಾಹ್ನ ಊಟ ಆದ ಮೇಲೆ ನಾಲ್ಕು ಪುಟ ತಿರುವದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಆದರೆ ಆಪರೇಷನ್ ಆದ ಮೇಲೆ ಹಳೆಯ ಕನ್ನಡಕ ಹೊಂದುತ್ತಿರಲಿಲ್ಲ. ಹೊಸ ನಂಬರ್ ಕೊಡುವುದು ಒಂದು ತಿಂಗಳಾದ ಮೇಲೆ. ಅಲ್ಲಿಯವರೆಗೆ ಸಣ್ಣ ಅಕ್ಷರ ಅವರ ಪಾಲಿಗಿಲ್ಲ. ನಾನೂ ಒಂದೆರಡು ವರ್ಷದಿಂದ ಸರಿಯಾಗಿ ಒಂದು ಪುಸ್ತಕ ಮುಗಿಸಿರಲಿಲ್ಲ. ಕೊಳ್ಳುತ್ತಿದ್ದೆ, ಮುನ್ನುಡಿ ಓದುತ್ತಿದ್ದೆ, ಅಲ್ಲಿಗೆ ನಿಲ್ಲಿಸುತ್ತಿದ್ದೆ. ಹಾಗಾಗಿ ಆ ತಿಂಗಳ ಓದು ಇಬ್ಬರಿಗೂ ಬೇಕಿತ್ತು.

ಮೊದಲು ಕೈಗೆ ಸಿಕ್ಕಿದ್ದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರ ಕಾದಂಬರಿ. ನಮ್ಮ ಮನೆಯಲ್ಲಿರುವ ಪ್ರತಿಯ ರಟ್ಟು ಕಿತ್ತುಹೋಗಿದೆ, ಬೆನ್ನಿಗೆ ಕ್ಯಾಲೆಂಡರ್ ಕಾಗದ ಅಂಟಿಸಿದ್ದೇವೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಕತ್ತಲಾದ ಮೇಲೆ ಒಬ್ಬ ದಾರಿ ತಪ್ಪುತ್ತಾನೆ. ದೇರಣ್ಣ, ಬಟ್ಯ ಅನ್ನುವ ಇಬ್ಬರು ಸಿಕ್ಕಿ ಅವನನ್ನು ಗೋಪಾಲಯ್ಯ ಅನ್ನುವ ಮುದುಕರ ಮನೆಗೆ ಮುಟ್ಟಿಸುತ್ತಾರೆ. ಮುಂದೆ ಅಂಥಾ ದೊಡ್ಡ ಘಟನೆಗಳೇನೂ ಇಲ್ಲ. ಸ್ನಾನ, ಊಟ, ಮಾತು, ತೋಟ, ಮನೆ ಬಿಟ್ಟು ಹೋದ ಮಗ ಶಂಭುವಿನ ನೆನಪು. ಕಾಲೇಜಿನಲ್ಲಿ ಓದಿದಾಗ ನನಗೆ ಇದು ನಿಧಾನ ಅನ್ನಿಸಿತ್ತು. ಈ ಸಲ ಜೋರಾಗಿ ಓದುವಾಗ ಗೊತ್ತಾಯಿತು, ನಿಧಾನ ಇದ್ದದ್ದು ಪುಸ್ತಕದಲ್ಲಲ್ಲ. ಗೋಪಾಲಯ್ಯ ಮಾತಾಡುವ ವೇಗಕ್ಕೆ ನನ್ನ ಕಣ್ಣು ಹೊಂದಿರಲಿಲ್ಲ, ಅಷ್ಟೇ. ಬಾಯಲ್ಲಿ ಹೇಳಿದರೆ ಅವರ ತಮಾಷೆ, ಹೆಂಡತಿ ಶಂಕರಮ್ಮನನ್ನು ರೇಗಿಸುವ ರೀತಿ, ನಡುವೆ ಮಗನ ವಿಷಯ ಬಂದಾಗ ಮಾತು ತಿರುಗಿಸುವುದು, ಎಲ್ಲ ಕಿವಿಗೆ ಬೀಳುತ್ತದೆ.

ಒಂದು ಸಲದ ಡ್ರಾಪ್ಸಿಗೆ ಸುಮಾರು ಎರಡು ಪುಟ ಆಗುತ್ತಿತ್ತು. ಎರಡನೇ ಹನಿ ಹಾಕಿದ ಮೇಲೂ ಅಮ್ಮ "ಇನ್ನೊಂಚೂರು" ಅನ್ನುತ್ತಿದ್ದರು. ರಾತ್ರಿಯ ಸರದಿ 40 ನಿಮಿಷಕ್ಕೆ ಬೆಳೆಯಿತು. ಹನ್ನೊಂದನೇ ರಾತ್ರಿ ಮುಗಿಸಿದೆವು. ಕಾರಂತರನ್ನು ಮೊದಲ ಸಲ ಓದಬೇಕು ಅನ್ನುವವರು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಈಗ ನಾನು ಹೇಳುವುದು ಇದನ್ನೇ. 'ಚೋಮನ ದುಡಿ' ಆಮೇಲೆ, 'ಮೂಕಜ್ಜಿಯ ಕನಸುಗಳು' ಅದಕ್ಕಿಂತ ಆಮೇಲೆ.

ಒಂದೇ ಪುಸ್ತಕ ಹಿಡಿದು ಕೂರಬಾರದು ಅಂತ ಮೊದಲ ವಾರವೇ ನಿರ್ಧರಿಸಿದ್ದೆ. ಒಂದು ಸಪ್ಪೆಯಾದರೆ ಇಡೀ ತಿಂಗಳು ಕೈಬಿಟ್ಟುಹೋಗುತ್ತದೆ. ಅದಕ್ಕೇ ಪ್ರತಿ ಪುಸ್ತಕಕ್ಕೂ ಒಂದು ಜಾಗ ಕೊಟ್ಟೆ. ಮಂಚದ ಪಕ್ಕ ಒಂದು, ಅದು ಅಮ್ಮನಿಗೆ. ಅಡುಗೆಮನೆಯ ಶೆಲ್ಫಿನಲ್ಲಿ ಒಂದು, ಕುಕ್ಕರ್ ಕೂಗುವವರೆಗೆ. ಬ್ಯಾಗಿನಲ್ಲಿ ಒಂದು, ವಾರಕ್ಕೊಮ್ಮೆ ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲಿಗೆ. ಪುಸ್ತಕವನ್ನು ಅದರ ಜಾಗದಿಂದ ಕದಲಿಸುತ್ತಿರಲಿಲ್ಲ. ಹುಡುಕುವ ಕೆಲಸ ಇಲ್ಲ ಅಂದರೆ ಓದು ತಾನಾಗಿ ಆಗುತ್ತದೆ, ಇದು ನನಗೆ ನಿಜವಾಗಿ ಕೆಲಸ ಮಾಡಿತು.

ಅಡುಗೆಮನೆಗೆ ಇಟ್ಟದ್ದು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರೊಫೆಸರ್, ಡಿವಿಜಿಯವರ ಮಗ. 'ಹಸುರು ಹೊನ್ನು' ಬರೆದವರು ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ನಾವು ದಿನಾ ತಿನ್ನುವ ಎಷ್ಟೋ ತರಕಾರಿ, ಹಣ್ಣು ಸಮುದ್ರ ದಾಟಿ ಬಂದವು ಅನ್ನುವುದು ಈ ಪುಸ್ತಕದ ವಿಷಯ. ಓದುತ್ತಾ ಓದುತ್ತಾ ನಾನು ನಮ್ಮ ಮಾತನ್ನೇ ಹೊಸದಾಗಿ ಕೇಳಿಸಿಕೊಂಡೆ. ಮೆಣಸಿನಕಾಯಿ ಅನ್ನುತ್ತೇವಲ್ಲ, ಅದರೊಳಗೆ ಮೆಣಸು ಕೂತಿದೆ. ಖಾರಕ್ಕೆ ನಮ್ಮಲ್ಲಿ ಮೊದಲು ಇದ್ದದ್ದು ಕಾಳುಮೆಣಸು. ಪೋರ್ಚುಗೀಸರ ಜೊತೆ ಬಂದ ಹೊಸ ಕಾಯಿಗೆ ಹಳೆಯ ಖಾರದ ಹೆಸರನ್ನೇ ಇಟ್ಟೆವು. ಪರಂಗಿ ಹಣ್ಣು ಅಂದಾಗ ಪರಂಗಿಯವರ, ಅಂದರೆ ಯುರೋಪಿನವರ, ಹೆಸರೇ ಹಣ್ಣಿಗೆ ಅಂಟಿದೆ. ಕೆಲವು ಮನೆಗಳ ತಿಥಿ ಅಡುಗೆಯಲ್ಲಿ ಇವತ್ತಿಗೂ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ ಹಾಕುವುದಿಲ್ಲ, ಕಾಳುಮೆಣಸೇ ಬೇಕು. ಇವೆಲ್ಲ ಹೊರಗಿಂದ ಬರುವ ಮೊದಲಿನ ಅಡುಗೆ ಆ ಒಂದು ದಿನಕ್ಕೆ ಮಾತ್ರ ಉಳಿದುಕೊಂಡಿದೆ. ಸಾರಿಗೆ ಒಗ್ಗರಣೆ ಹಾಕುತ್ತಾ ಇದನ್ನು ಅಮ್ಮನಿಗೆ ಕೂಗಿ ಹೇಳಿದೆ. "ಹಂಗಾರೆ ಕಳ್ಳೆಕಾಯಿ?" ಅಂದರು. ಕಡಲೆಕಾಯಿಯೂ ಅಲ್ಲಿಂದಲೇ ಬಂದದ್ದು ಅಂದೆ. ಅವರು ಒಪ್ಪಲಿಲ್ಲ. "ನಮ್ಮೂರಲ್ಲಿ ಬೆಳೀತಿದ್ರು, ನಾನೇ ಕಿತ್ತಿದ್ದೀನಿ" ಅಂದರು.

ಆ ಕಳ್ಳೆಕಾಯಿಯೇ ನನಗೆ ಮುಂದಿನ ಪುಸ್ತಕ ತೋರಿಸಿತು.

ದೇವನೂರ ಮಹಾದೇವ ಅವರ 'ಒಡಲಾಳ' ನಾನು ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟಿದ್ದೆ. ಪುಸ್ತಕ ತೆಳ್ಳಗಿದೆ, ಆದರೆ ನಂಜನಗೂಡು ಸೀಮೆಯ ಮಾತಿನಲ್ಲಿದೆ. ಶಾಲೆಯ ಕನ್ನಡ, ಪೇಪರಿನ ಕನ್ನಡ ಓದಿ ಬೆಳೆದ ನನ್ನ ಕಣ್ಣು ಸಾಲು ಸಾಲಿಗೆ ತಡೆಯುತ್ತಿತ್ತು. ಅಮ್ಮ ಹುಟ್ಟಿದ್ದು ಅದೇ ತಾಲ್ಲೂಕಿನ ಹಳ್ಳಿಯಲ್ಲಿ. ಇಷ್ಟು ವರ್ಷ ನನಗೆ ಈ ಎರಡನ್ನು ಸೇರಿಸಿ ನೋಡಬೇಕು ಅಂತ ಯಾಕೆ ಹೊಳೆಯಲಿಲ್ಲವೋ!

ಮೊದಲ ಪುಟ ಜೋರಾಗಿ ಓದಿದೆ. ಅರ್ಧಕ್ಕೇ ಅಮ್ಮ ಕೈ ಎತ್ತಿ ನಿಲ್ಲಿಸಿದರು. "ಹಂಗಲ್ಲ ಕಣವ್ವ, ಎಳ್ದು ಹೇಳು." ನಾನು ಪೂರ್ಣವಿರಾಮ ನೋಡಿ ನಿಲ್ಲುತ್ತಿದ್ದೆ. ಅವರು ಉಸಿರು ಮುಗಿದಲ್ಲಿ ನಿಲ್ಲು ಅಂದರು. ಒಂದು ಸಾಲು ನಾನು ಹೇಳುವುದು, ಅದನ್ನೇ ಅವರು ತಮ್ಮ ರಾಗದಲ್ಲಿ ವಾಪಸ್ ಹೇಳುವುದು, ಆಮೇಲೆ ನಾನು ಹಾಗೆ ಓದುವುದು. ಎರಡು ದಿನದಲ್ಲಿ ನಾಲಿಗೆ ತಿರುಗಿತು. ಕಥೆಯ ಮುದುಕಿ ಸಾಕವ್ವ ತನ್ನ ಕಳೆದುಹೋದ ಹುಂಜ ಹುಡುಕಿಕೊಂಡು ಕೇರಿ ಸುತ್ತುವ ಭಾಗಕ್ಕೆ ಬಂದಾಗ ಅಮ್ಮನ ಮುಖದಲ್ಲಿ ನಗು ನಿಲ್ಲಲಿಲ್ಲ.

ಆಮೇಲೆ ಕಡಲೆಕಾಯಿಯ ರಾತ್ರಿ ಬಂತು. ಈ ಪುಸ್ತಕ ಓದಿದವರು ಯಾರೂ ಅದನ್ನು ಮರೆತಿರಲಿಕ್ಕಿಲ್ಲ. ಸಾಕವ್ವನ ಮಗ ಗುರುಸಿದ್ದು ಸಾಹುಕಾರನ ಕಡಲೆಕಾಯಿ ಕದ್ದು ಮನೆಗೆ ತರುತ್ತಾನೆ. ಇಡೀ ಮನೆ ಬೆಂಕಿಯ ಸುತ್ತ ಕೂತು ತಿನ್ನುತ್ತದೆ. ದೊಡ್ಡವರು, ಮಕ್ಕಳು, ಎಲ್ಲರೂ. ಅವತ್ತು ಮನೆಯಲ್ಲಿ ಜಗಳ ಇಲ್ಲ, ನಾನು ಜಾಸ್ತಿ ನೀನು ಕಡಿಮೆ ಅನ್ನುವುದಿಲ್ಲ. ಬೆಳಗಾದ ಮೇಲೆ ಪೊಲೀಸರು ಬರುತ್ತಾರೆ. ನಾನು ಕಳ್ಳತನ, ಹಸಿವು, ಅನ್ಯಾಯ ಅನ್ನುವ ಪದಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಲು ಹೋಗಿದ್ದೆ. ಓದಿ ಮುಗಿಸುವಾಗ ಹುರಿದ ಕಾಯಿಯ ವಾಸನೆ ಮಾತ್ರ ಇತ್ತು.

ಅಮ್ಮ ಎರಡನೇ ಹನಿಗೆ ಮುಖ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ನಮ್ಮಪ್ಪನ ಹೊಲದಿಂದಾನೂ ಒಂದ್ಸಲ ಕಳ್ಳೆಕಾಯಿ ಹೋಗಿತ್ತು. ಪೊಲೀಸ್ನೋರ್ನ ಕರ್ಸಿದ್ರು. ಆ ಮನೆ ಗಂಡಸ್ರನ್ನ ನಮ್ಮ ಜಗಲಿ ಮುಂದೇನೇ ನಿಲ್ಸಿದ್ರು. ನಾನು ಒಳಗಿಂದ ನೋಡ್ತಾ ಇದ್ದೆ." ಆಗ ಅವರಿಗೆ ಒಂಬತ್ತೋ ಹತ್ತೋ ವರ್ಷ. "ಅವ್ರ ಮನೇಲಿ ಆ ರಾತ್ರಿ ಹೆಂಗಿತ್ತು ಅಂತ ನಾವ್ಯಾರೂ ಕೇಳ್ಲಿಲ್ಲ ಕಣವ್ವ" ಅಂದರು.

ನಲವತ್ತು ವರ್ಷದಲ್ಲಿ ಈ ಮಾತನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಅಜ್ಜನ ಹೊಲದ ಬಗ್ಗೆ ಎಷ್ಟೋ ಸಲ ಹೇಳಿದ್ದಾರೆ, ಬಾವಿ, ಮಾವಿನಮರ, ಎತ್ತುಗಳ ಹೆಸರು. ಇದು ಮಾತ್ರ ಬಂದಿರಲಿಲ್ಲ. ನಾನೊಬ್ಬಳೇ ಮನಸ್ಸಿನಲ್ಲಿ ಓದಿಕೊಂಡು ಕಪಾಟಿಗೆ ಇಟ್ಟಿದ್ದರೆ ಬರುತ್ತಲೂ ಇರಲಿಲ್ಲ. ಅವತ್ತಿನಿಂದ ನಾನು ಓದುವಾಗ ನಡುನಡುವೆ ನಿಲ್ಲಿಸಲು ಕಲಿತೆ. ಪ್ಯಾರಾ ಮುಗಿದ ತಕ್ಷಣ ಮುಂದಕ್ಕೆ ಓಡುವುದಿಲ್ಲ. ಮಾತು ಬರುವುದಿದ್ದರೆ ಬರಲಿ ಅಂತ ಒಂದು ಉಸಿರು ಕಾಯುತ್ತೇನೆ.

ರೈಲಿಗೆ ಇಟ್ಟುಕೊಂಡದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಚಿಕ್ಕ ಪುಸ್ತಕ, ಹೋಗುವಾಗ ಅರ್ಧ, ಬರುವಾಗ ಅರ್ಧ. 2013ರಲ್ಲಿ ಬಂದದ್ದು, ಆಮೇಲೆ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದಿಂದ ಹೊರದೇಶಗಳಿಗೂ ಹೋಯಿತು. ಇಕ್ಕಟ್ಟಿನ ಮನೆಯಲ್ಲಿ ಸಂಬಳ ಎಣಿಸಿ ಬದುಕುತ್ತಿದ್ದ ಕುಟುಂಬಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇದ್ದಕ್ಕಿದ್ದಂತೆ ದುಡ್ಡು ಬರುತ್ತದೆ. ದುಡ್ಡು ಬಂದ ಮೇಲೆ ಜನ ಕೆಟ್ಟರು ಅನ್ನುವ ಸರಳ ಕಥೆ ಅಲ್ಲ. ಹಳೆಯ ಮನೆಯಲ್ಲಿ ತಾಯಿ ಇರುವೆಗಳ ಜೊತೆ ನಡೆಸುವ ಯುದ್ಧ ಓದುವಾಗ ಖುಷಿಯಾಗುತ್ತದೆ. ಪುಸ್ತಕ ಮುಗಿಯುವ ಹೊತ್ತಿಗೆ ಆ ಇರುವೆಗಳೇ ನೆನಪಾಗಿ ಹೆದರಿಕೆಯಾಗುತ್ತದೆ. ಮಂಡ್ಯ ದಾಟಿದ ಮೇಲೆ ಕೊನೆಯ ಪುಟ ಮುಗಿಸಿ ಮತ್ತೆ ಹಿಂದಕ್ಕೆ ತಿರುವಿದೆ. ಯಾರು ಏನು ಮಾಡಿದರು ಅಂತ ಬಾಯಿಬಿಟ್ಟು ಹೇಳಿರುವ ಒಂದು ವಾಕ್ಯವೂ ಸಿಗಲಿಲ್ಲ. ಇದನ್ನು ಅಮ್ಮನಿಗೆ ಓದಲಿಲ್ಲ. ಇದು ಒಬ್ಬರೇ, ಒಂದೇ ಕೂತಿನಲ್ಲಿ ಓದಬೇಕಾದ್ದು ಅನ್ನುವುದು ನನ್ನ ಅನಿಸಿಕೆ. ಪುಸ್ತಕ ಕೊಡುವಾಗ ಕಥೆ ಹೇಳಿ ಕೊಡಬೇಡಿ.

ಬಾನು ಮುಷ್ತಾಕ್ ಅವರ ಕಥೆಗಳನ್ನು ದಿನಕ್ಕೆ ಒಂದೇ ಅಂತ ಲೆಕ್ಕ ಇಟ್ಟುಕೊಂಡೆ. 2025ರಲ್ಲಿ ದೀಪಾ ಭಾಸ್ತಿ ಅವರ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಅಲ್ವಾ? ಸಂಭ್ರಮಪಟ್ಟ ನಾನೇ ಮೂಲ ಕಥೆಗಳನ್ನು ಓದಿರಲಿಲ್ಲ. 'ಎದೆಯ ಹಣತೆ' ಓದಿದ ದಿನ ಇನ್ನೊಂದು ಕಥೆ ಓದಲು ಆಗಲೇ ಇಲ್ಲ. ಗಂಡ ಕೈಬಿಟ್ಟ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ, ತವರಿನವರೇ ಅವಳನ್ನು ವಾಪಸ್ ತಂದು ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಾಗ ದೊಡ್ಡ ಮಗಳು ಸಲ್ಮಾ ಕೂಸನ್ನು ಹಿಡಿದುಕೊಂಡು ಓಡಿ ಬರುತ್ತಾಳೆ. ಈ ಭಾಗ ಓದುವಾಗ ನನ್ನ ಗಂಟಲು ಕಟ್ಟಿತು. ಅಮ್ಮ ನೀರಿನ ಲೋಟ ಹುಡುಕಿ ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಡ್ರಾಪ್ಸ್ ಹಾಕುವಾಗ ಕೇಳಿದರು, "ಆ ಹುಡುಗಿಗೆ ಎಷ್ಟು ವಯಸ್ಸು ಅಂದೆ?" ಈ ಕಥೆಗಳನ್ನು ಸಾಲಾಗಿ ಓದಬೇಡಿ. ಒಂದು ಓದಿ, ಒಂದು ದಿನ ಬಿಡಿ.

ಕಣ್ಣಿಗೂ ಮನಸ್ಸಿಗೂ ಭಾರ ಜಾಸ್ತಿಯಾದ ದಿನ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ತೆಗೆಯುತ್ತಿದ್ದೆವು. 1942ರಿಂದ ಮನೆಮನೆಯಲ್ಲಿರುವ ಪುಸ್ತಕ, ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ. ನಾನು ಮೊದಲ ಸಾಲು ಹೇಳಿದರೆ ಉಳಿದದ್ದು ಅಮ್ಮನೇ ಹೇಳುತ್ತಿದ್ದರು. ಅರ್ಧಕ್ಕೆ ಬಿಟ್ಟ ಪುಸ್ತಕವೂ ಒಂದಿದೆ, ಬದುಕು ಬದಲಾಯಿಸಿಕೊಳ್ಳುವ ಬಗ್ಗೆ ಯಾವುದೋ ಅನುವಾದ. 40 ಪುಟಕ್ಕೆ ಇಬ್ಬರಿಗೂ ಸಾಕಾಯಿತು.

ಕೊನೆಯ ವಾರ 'ಮಲೆಗಳಲ್ಲಿ ಮದುಮಗಳು' ಹಿಡಿದೆವು. ಕುವೆಂಪು ಅವರ ಈ ಕಾದಂಬರಿ 1967ರದು. ದಪ್ಪ ನೋಡಿಯೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ, ನಾನೂ ಸರಿದಿದ್ದೆ. ಇದನ್ನು ಜೋರಾಗಿ ಓದುವುದು ಮೊದಲ ಮೂರು ದಿನ ಹೊಂದಲಿಲ್ಲ. ಜನ ಜಾಸ್ತಿ, ಮನೆಗಳು ಜಾಸ್ತಿ. ಯಾರು ಯಾವ ಮನೆಯವರು ಅಂತ ಅಮ್ಮನಿಗೂ ಗೊಂದಲ, ನನಗೂ ಗೊಂದಲ. ಕಡೆಗೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ದಪ್ಪ ಮಾರ್ಕರಿನಲ್ಲಿ ಒಂದು ನಕ್ಷೆ ಬರೆದೆ. ಅಕ್ಷರ ಎಷ್ಟು ದೊಡ್ಡದು ಅಂದರೆ ಅಮ್ಮ ಮಂಚದಿಂದಲೇ ಓದಬೇಕು. ಹಳೆಮನೆಗೆ ಒಂದು ಚೌಕ, ಅದರೊಳಗೆ ಸುಬ್ಬಣ್ಣ ಹೆಗ್ಗಡೆ. ಬೆಟ್ಟಳ್ಳಿಗೆ ಕಲ್ಲಯ್ಯಗೌಡ. ಕೋಣೂರು, ಅಲ್ಲಿ ಮುಕುಂದಯ್ಯ. ಹೂವಳ್ಳಿ, ಅಲ್ಲಿ ಚಿನ್ನಮ್ಮ. ಸಿಂಬಾವಿಯಿಂದ ಬೆಟ್ಟಳ್ಳಿಗೆ ಒಂದು ಉದ್ದ ಗೆರೆ, ಅದರ ಮೇಲೆ ಗುತ್ತಿ. ಗುತ್ತಿಯ ಪಕ್ಕದಲ್ಲಿ ಅವನ ನಾಯಿ ಹುಲಿಯ. ಹೊಸಬರು ಬಂದಾಗಲೆಲ್ಲ ಅಮ್ಮ "ಇವ್ನನ್ನ ಎಲ್ಲಿಗೆ ಹಾಕ್ತೀಯ?" ಅಂತ ಕೇಳುತ್ತಿದ್ದರು. ಹಾಳೆ ಗೋಡೆಗೆ ಅಂಟಿಸಿದ ಮೇಲೆ ಓದು ನೆಟ್ಟಗಾಯಿತು. ನೀವು ಈ ಪುಸ್ತಕ ಬಿಟ್ಟುಬಿಟ್ಟವರಾದರೆ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡು ಮತ್ತೆ ಶುರು ಮಾಡಿ. ಮೊದಲ 100 ಪುಟ ದಾಟಿದರೆ ಆ ಮನೆಗಳಿಗೆ ದಾರಿ ತಾನಾಗಿ ಗೊತ್ತಾಗುತ್ತದೆ.

ಇದರ ನಡುವೆ ಹೊಸ ಕನ್ನಡಕ ಬಂತು. ಡ್ರಾಪ್ಸ್ ನಿಂತವು. ಅಮ್ಮ ಮಧ್ಯಾಹ್ನ ತಾವೇ ಓದುತ್ತಾರೆ. ರಾತ್ರಿಯ 40 ನಿಮಿಷ ಮಾತ್ರ ಹಾಗೇ ಇದೆ. ಆದರೆ ಮಧ್ಯಾಹ್ನ ಅವರು ನನ್ನನ್ನು ಕಾಯದೆ ಮುಂದೆ ಹೋಗಿಬಿಟ್ಟಿದ್ದಾರೆ, ಪುಸ್ತಕದಲ್ಲಿ ಎರಡು ಗುರುತು ಇವೆ. ನನ್ನದು ಬಸ್ ಟಿಕೆಟ್. ಅವರದು ಡ್ರಾಪ್ಸ್ ಡಬ್ಬಿಯ ರಟ್ಟು, ನನ್ನದಕ್ಕಿಂತ ತುಂಬಾ ಮುಂದಿನ ಪುಟಗಳಲ್ಲಿ, ಕೊನೆಗೆ ಹತ್ತಿರ. ಮೊನ್ನೆ ಸಂಜೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಏನಾಯ್ತಮ್ಮ ಅಂದೆ. "ಹುಲಿಯ..." ಅಂತ ಬಾಯಿ ತೆರೆದರು. ಹೇಳಬೇಡ, ನಾನಿನ್ನೂ ಅಲ್ಲಿಗೆ ಬಂದಿಲ್ಲ ಅಂದೆ.