ಊಟಿಯ ಗುಡ್ಡದಲ್ಲಿ ಗಾಲ್ಫ್: ಎರೆನೆಲದವನ ಅನುಭವ

ಚೆಂಡಿನಿಂದ ಕುಳಿಗೆ ಹೆಚ್ಚೆಂದರೆ ಎಂಟು ಅಡಿ. ಕುಕ್ಕರಗಾಲಿನಲ್ಲಿ ಕುಳಿತು ಈ ಬದಿಯಿಂದ ನೋಡಿದೆ, ಎದ್ದು ಹೋಗಿ ಆ ಬದಿಯಿಂದಲೂ ನೋಡಿದೆ. ನೆಲ ಎಡಕ್ಕೆ ವಾಲಿದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬೆನ್ನ ಹಿಂದೆ ನಿಂತಿದ್ದ ಕ್ಯಾಡಿ (ಕೋಲುಗಳ ಚೀಲ ಹೊತ್ತು ಜೊತೆಗೆ ಬರುವವರು), "ಬಲಕ್ಕೆ ಹೋಗುತ್ತದೆ ಸರ್" ಎಂದರು. ನಾನು ನನ್ನ ಕಣ್ಣನ್ನೇ ನಂಬಿದೆ. ಚೆಂಡು ಮೂರಡಿ ನೇರವಾಗಿ ಉರುಳಿತು. ಆಮೇಲೆ ಯಾರೋ ಕೂಗಿ ಕರೆದಂತೆ ಬಲಕ್ಕೆ ಹೊರಳಿ, ಕುಳಿಯಿಂದ ಒಂದು ಮೊಳ ಆಚೆ ನಿಂತಿತು.

ಆ ಹಿರಿಯರು ಏನೂ ಹೇಳಲಿಲ್ಲ. ಕೈಯೆತ್ತಿ ಬಲಗಡೆಯ ಕಣಿವೆಯನ್ನು ತೋರಿಸಿದರು. "ಈಗ ಇಲ್ಲಿ ಒಂದು ಕೊಡ ನೀರು ಸುರಿದರೆ ಎತ್ತ ಹೋಗುತ್ತದೆ, ಅದನ್ನು ನೋಡಿ" ಎಂದರು. ಊಟಿಯಿಂದ ನಾನು ತಂದದ್ದರಲ್ಲಿ ಬೆಲೆಬಾಳುವುದು ಈ ಒಂದು ಮಾತು. ಗುಡ್ಡದ ಮೇಲೆ ಆಡಲು ಹೋಗುವ ನಮ್ಮ ಕಡೆಯವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಗಾಲ್ಫ್ ಕಲಿತದ್ದು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ. ಧಾರವಾಡಕ್ಕೆ ಮರಳಿದ ಮೇಲೆ ಅಭ್ಯಾಸವೆಲ್ಲ ಹಿತ್ತಿಲಿನಲ್ಲಿ ಕಟ್ಟಿದ ಬಲೆಗೆ ಹೊಡೆಯುವುದು, ಇಲ್ಲವೇ ಜೋಳ ಕೊಯ್ದ ಮೇಲೆ ನವಲಗುಂದದ ಹತ್ತಿರದ ನಮ್ಮ ಹೊಲದಲ್ಲಿ ಚಾಪೆ ಹಾಸಿಕೊಂಡು ಹೊಡೆಯುವುದು. ಎರೆಹೊಲ ಬೇಸಿಗೆಯಲ್ಲಿ ಅಂಗೈ ಅಗಲ ಬಿರಿಯುತ್ತದೆ. ಬಿರುಕಿನೊಳಗೆ ಇಳಿದ ಚೆಂಡು ಮತ್ತೆ ಕೈಗೆ ಸಿಗುವುದಿಲ್ಲ. ಆದರೂ ಆ ಹೊಲದಲ್ಲಿ ಒಂದು ಸೌಕರ್ಯವಿದೆ. ಕಣ್ಣು ಹಾಯುವವರೆಗೂ ಸಮತಟ್ಟು, ಹೀಗಾಗಿ ಯಾವ ಕೋಲಿನಿಂದ ಎಷ್ಟು ದೂರ ಹೋಗುತ್ತದೆ ಎಂಬ ಲೆಕ್ಕ ಪಕ್ಕಾ ಆಗುತ್ತದೆ. ಏಳನೇ ನಂಬರಿನ ಐರನ್‌ನಲ್ಲಿ ನನ್ನದು 140 ಗಜ. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೇ ಊಟಿಗೆ ಹೊರಟೆ.

ಸಂಕ್ರಾಂತಿ ಮುಗಿದ ವಾರ ಹೊರಟೆವು. ಹುಬ್ಬಳ್ಳಿಯಿಂದ ಮೈಸೂರಿಗೆ ರಾತ್ರಿ ಪ್ರಯಾಣ, ಅಲ್ಲಿಂದ ಬಾಡಿಗೆ ಕಾರು. ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡೇ ಸಮಯ ಹೊಂದಿಸಿಕೊಳ್ಳಬೇಕು. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬೇಕು. ಮನೆಯಲ್ಲೇ ಮಾಡಿಸಿಟ್ಟುಕೊಂಡರೆ ಗಡಿಯಲ್ಲಿ ನಿಲ್ಲುವುದು ತಪ್ಪುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ ನಿಷೇಧವಿದೆ. ಸ್ಟೀಲಿನ ಬಾಟಲಿ ಒಯ್ಯಿರಿ. ಹೋಗುವಾಗ ಮಸಿನಗುಡಿಯ ಮೇಲೆ ಹಾಯ್ದು ಕಲ್ಲಟ್ಟಿ ಘಟ್ಟದ 36 ತಿರುವುಗಳನ್ನು ಹತ್ತಿದೆವು, ಬರುವಾಗ ಗೂಡಲೂರಿನ ದಾರಿ ಹಿಡಿದೆವು.

ಕೋಲುಗಳನ್ನು ಒಯ್ಯುವ ವಿಷಯದಲ್ಲಿ ಒಂದು ಪೆಟ್ಟು ತಿಂದು ಕಲಿತವನು ನಾನು. ಹಿಂದೊಮ್ಮೆ ಬೇರೆ ಊರಿಗೆ ಹೋಗುವಾಗ ಬಸ್ಸಿನ ಡಿಕ್ಕಿಯಲ್ಲಿ ಚೀಲದ ಮೇಲೆ ಯಾರದೋ ಟ್ರಂಕು ಬಿದ್ದು ಡ್ರೈವರ್ ಎಂಬ ಕೋಲಿನ ಕುತ್ತಿಗೆ ಮುರಿದಿತ್ತು. ಚೀಲದಲ್ಲಿ ಇದೇ ಅತ್ಯಂತ ಉದ್ದದ ಕೋಲು. ಮೇಲಿನಿಂದ ಬೀಳುವ ಭಾರವನ್ನು ಮೊದಲು ಹೊರುವುದೂ ಇದೇ. ಈಗ ಅದಕ್ಕಿಂತ ನಾಲ್ಕು ಬೆರಳು ಉದ್ದನೆಯ ಬಿದಿರಿನ ಗಳ ಒಂದನ್ನು ನಡುವೆ ನಿಲ್ಲಿಸಿ, ಕೋಲುಗಳ ತಲೆಗೆ ಟವೆಲ್ ಸುತ್ತಿ, ಮೇಲೆ ಕಂಬಳಿ ತುರುಕುತ್ತೇನೆ. ಪೆಟ್ಟು ಬಿದ್ದರೆ ಗಳಕ್ಕೆ ಬೀಳುತ್ತದೆ. ನಿಯಮದ ಪ್ರಕಾರ 14 ಕೋಲುಗಳವರೆಗೆ ಒಯ್ಯಬಹುದು, ಆದರೆ ಗುಡ್ಡದ ಮೇಲೆ ಅಷ್ಟು ಬೇಡ. ನಾನು ಹತ್ತು ಒಯ್ದೆ. ಆಟದಲ್ಲಿ ಏಳು ಮಾತ್ರ ಚೀಲದಿಂದ ಹೊರಗೆ ಬಂದವು.

ಮುಟ್ಟಿದ ದಿನವೇ ಆಡಬೇಡಿ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರ್. ಅಲ್ಲಿ ಒಂದು ದಿಬ್ಬ ಹತ್ತಿದ ಕೂಡಲೇ ಕೋಲು ಬೀಸಲು ನಿಂತರೆ ಎದೆ ಏರಿಳಿಯುತ್ತಿರುತ್ತದೆ, ಕೈ ನಿಲ್ಲುವುದಿಲ್ಲ. ಮೊದಲ ದಿನ ಪೇಟೆಯಲ್ಲಿ ಅಡ್ಡಾಡಿ, ಸಂಜೆ ಮೈದಾನಕ್ಕೆ ಹೋಗಿ ಮರುದಿನದ ಆಟಕ್ಕೆ ಸಮಯ ಗೊತ್ತುಮಾಡಿಕೊಂಡು ಬಂದೆ. ಹೊರಗಿನವರು ಶುಲ್ಕ ಕೊಟ್ಟು ಆಡಬಹುದು, ಆದರೆ ಸ್ಪರ್ಧೆಯ ದಿನಗಳಲ್ಲಿ ಜಾಗ ಸಿಗುವುದು ಕಷ್ಟ. ಮುಂಚೆಯೇ ಫೋನ್ ಮಾಡಿ ಕೇಳುವುದು ಮೇಲು.

ಊಟಿ ಜಿಮ್ಖಾನಾ ಕ್ಲಬ್‌ನ 18 ಹೋಲ್‌ಗಳ ಈ ಮೈದಾನ ಫಿಂಗರ್‌ಪೋಸ್ಟ್ ಹತ್ತಿರ ಇದೆ. ಬೆಳಿಗ್ಗೆ ಏಳಕ್ಕೇ ಹೋಗಿ ನಿಂತಿದ್ದೆ. ತಗ್ಗಿನ ಹುಲ್ಲೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು, ರಾತ್ರಿ ಬಿದ್ದ ಇಬ್ಬನಿ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಎಸಳು ಒಳಗೇ ಒಡೆದು, ಎರಡು ದಿನದಲ್ಲಿ ಹೆಜ್ಜೆಯ ಗುರುತು ಕಂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಬಿಸಿಲು ಏರುವ ತನಕ ಕಾಯಬೇಕು. ಒಂದು ತಾಸು ಕಾದೆ. ಬೇಸರವಾಗಲಿಲ್ಲ. ಬಿಸಿಲು ಗುಡ್ಡದ ನೆತ್ತಿಯಿಂದ ಇಳಿಯುತ್ತ ಬಂದಂತೆ ಬಿಳುಪು ಹಸಿರಾಗುತ್ತ ಬರುವುದನ್ನು ನೋಡುತ್ತ ನಿಂತೆ. ನಮ್ಮ ಬೆಳವಲದಲ್ಲಿ ಬೆಳಕು ಒಮ್ಮೆಲೇ ಹೊಲವನ್ನೆಲ್ಲ ತುಂಬುತ್ತದೆ. ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಕ್ಯಾಡಿ ಬಡಗರು, ಅರವತ್ತು ದಾಟಿದ ಹಿರಿಯರು. ನಾನು ಕನ್ನಡದಲ್ಲಿ ಮಾತನಾಡಿದೆ, ಅವರು ತಮ್ಮ ಬಡಗ ಭಾಷೆಗೆ ಕನ್ನಡ ಬೆರೆಸಿ ಉತ್ತರ ಕೊಟ್ಟರು. ಎರಡನೇ ಹೋಲ್ ಮುಗಿಯುವಷ್ಟರಲ್ಲಿ ಇಬ್ಬರಿಗೂ ತಡವರಿಕೆ ಇರಲಿಲ್ಲ. ಅವರ ಊರನ್ನು ಅವರು ಹಟ್ಟಿ ಎನ್ನುತ್ತಾರೆ, ನಮ್ಮಲ್ಲಿಯೂ ಆ ಮಾತು ಇದೆ. ಬಡಗರು ಎಂದರೆ ಬಡಗಣ ದಿಕ್ಕಿನಿಂದ ಬಂದವರು ಎಂದು ಅವರೇ ಬಿಡಿಸಿ ಹೇಳಿದಾಗ, ಇನ್ನೂ ಬಡಗಣದಿಂದ ಬಂದ ನಾನು ಅವರನ್ನು ಅಣ್ಣ ಎಂದೇ ಕರೆಯಲು ತೊಡಗಿದೆ.

ಮೊದಲು ಕೈಕೊಟ್ಟದ್ದು ಜೇಬಿನ ಚೀಟಿ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಚೆಂಡಿಗೆ ತಡೆ ಕಡಿಮೆ, ದೂರ ಹೆಚ್ಚು. ನನ್ನ 140 ಗಜದ ಕೋಲು ಸಮನೆಲದಲ್ಲಿ 148ರ ಆಸುಪಾಸು ಹೋಯಿತು, ಅದೂ ಬಿಸಿಲು ಏರಿದ ಮೇಲೆ. ಬೆಳಗಿನ ಚಳಿಯಲ್ಲಿ ಅಷ್ಟಿರಲಿಲ್ಲ. ತಂಪು ಗಾಳಿ ದಟ್ಟವಾಗಿರುತ್ತದೆ, ತಣ್ಣಗಾದ ಚೆಂಡು ಪುಟಿಯುವುದೂ ಕಡಿಮೆ. ಚೆಂಡುಗಳನ್ನು ರಾತ್ರಿ ಕಾರಿನಲ್ಲಿ ಬಿಡದೆ ಕೋಣೆಯೊಳಗೇ ಇಟ್ಟುಕೊಳ್ಳುವುದು ಒಳ್ಳೆಯದು. ತೆಳುಗಾಳಿಯಲ್ಲಿ ಚೆಂಡು ಅಡ್ಡ ತಿರುಗುವುದೂ ಕಡಿಮೆ. ನನ್ನ ಹಳೆಯ ರೋಗವಾದ ಬಲಕ್ಕೆ ಬಾಗುವ ಹೊಡೆತ ಅಲ್ಲಿ ಅರ್ಧಕ್ಕರ್ಧ ನೇರವಾಯಿತು.

ಇದಕ್ಕಿಂತ ದೊಡ್ಡ ಲೆಕ್ಕ ಏರಿಳಿತದ್ದು. ಗ್ರೀನ್, ಅಂದರೆ ಕುಳಿಯ ಸುತ್ತ ಹುಲ್ಲನ್ನು ಸಣ್ಣಗೆ ಕತ್ತರಿಸಿದ ಜಾಗ, ನಿಮಗಿಂತ ಎಷ್ಟು ಗಜ ಕೆಳಗಿದೆಯೋ ಅಷ್ಟು ಗಜ ಕಳೆಯಿರಿ, ಎಷ್ಟು ಗಜ ಮೇಲಿದೆಯೋ ಅಷ್ಟು ಗಜ ಕೂಡಿಸಿರಿ. ಇದು ಒರಟು ಲೆಕ್ಕ, ಆದರೆ ಇಡೀ ದಿನ ನನ್ನ ಕೈಹಿಡಿಯಿತು. ಮೊದಲ ಸಲ ತಗ್ಗಿನ ಗ್ರೀನ್‌ಗೆ ಹೊಡೆದಾಗ ಲೆಕ್ಕ ಮರೆತೆ. ಚೆಂಡು ಗ್ರೀನ್ ಹಾರಿ ಗಾರ್ಸ್ ಪೊದೆಯೊಳಗೆ ಬಿತ್ತು. ಬ್ರಿಟಿಷರ ಕಾಲದಲ್ಲಿ ಯುರೋಪಿನಿಂದ ಬಂದು ನೀಲಗಿರಿಯಲ್ಲಿ ಬೇರೂರಿದ ಮುಳ್ಳುಗಿಡ ಅದು. ದೂರದಿಂದ ನೋಡಿದರೆ ಹಳದಿ ಹೂವಿನ ರಾಶಿ, ಹತ್ತಿರ ಹೋದರೆ ಎಲೆ ಕಾಣುವುದಿಲ್ಲ, ಬರೀ ಹಸಿರು ಮುಳ್ಳು. ನಮ್ಮ ಜಾಲಿಮುಳ್ಳು ಉದ್ದ, ಕಣ್ಣಿಗೆ ಕಾಣುತ್ತದೆ. ಇದು ಸೂಜಿಯ ಕಟ್ಟಿನಂತೆ ಒತ್ತಾಗಿ ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತದೆ. ಮುಂಗೈ ತುಂಬ ಗೀರು ಬಿದ್ದವು. ಹುಡುಕಲು ಈಗಿನ ನಿಯಮ ಕೊಡುವುದು ಮೂರೇ ನಿಮಿಷ. ಚೆಂಡು ಆ ಪೊದೆಗೆ ಹೋದರೆ ಒಳಗೆ ಕೈ ಹಾಕಬೇಡಿ, ದಂಡ ತೆತ್ತು ಇನ್ನೊಂದು ಚೆಂಡು ಹಾಕಿ ಮುಂದೆ ನಡೆಯಿರಿ.

ಇಳಿಜಾರಿನಲ್ಲಿ ನಿಂತು ಹೊಡೆಯುವುದಕ್ಕೆ ನಾನು ಊರಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಹೊರಡುವ ಮೊದಲು ಮೂರು ವಾರ ಮಲಪ್ರಭಾ ಕಾಲುವೆಯ ಏರಿಯ ಮೇಲೆ ನಿಂತು ಚೆಂಡಿಲ್ಲದೆ ಬರೀ ಕೋಲು ಬೀಸಿದೆ. ಅದರ ಫಲ ಊಟಿಯಲ್ಲಿ ಕಂಡಿತು. ಬಲಗೈ ಆಟಗಾರನಿಗೆ ಚೆಂಡು ಪಾದಕ್ಕಿಂತ ಮೇಲಿದ್ದರೆ ಅದು ಎಡಕ್ಕೆ ಹೋಗುತ್ತದೆ. ಕೋಲನ್ನು ಎರಡು ಬೆರಳು ಕೆಳಗೆ ಹಿಡಿದು ಗುರಿಯನ್ನು ಬಲಕ್ಕೆ ಇಡಬೇಕು. ಪಾದಕ್ಕಿಂತ ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಇದು ಕಷ್ಟದ್ದು: ಮೊಣಕಾಲು ಬಗ್ಗಿಸಿ ತಗ್ಗಿ, ಹೊಡೆತ ಮುಗಿಯುವವರೆಗೂ ಆ ತಗ್ಗನ್ನು ಬಿಡಬಾರದು. ಏರಿನಲ್ಲಾಗಲಿ ಇಳಿವಿನಲ್ಲಾಗಲಿ ಹೆಗಲು ನೆಲದ ಜೊತೆ ಹೋಗಬೇಕು. ಮುಕ್ಕಾಲು ಜೋರಿನಲ್ಲಿ ಬೀಸಿ, ಪೂರ್ತಿ ಬೇಡ. ಜೋರಾಗಿ ಬೀಸಿದರೆ ಕಾಲು ಜಾರುತ್ತದೆ, ಕಾಲು ಜಾರಿದರೆ ಎಲ್ಲವೂ ಹೋದಂತೆ.

ನಾಲ್ಕನೇ ಗ್ರೀನ್‌ನಲ್ಲಿ ಅವರು ಕೊಡ ನೀರಿನ ಮಾತು ಹೇಳಿದ್ದು. ಕೇಳಿದ ಕೂಡಲೇ ನನಗೆ ಅಪ್ಪ ನೆನಪಾದರು. ದೊಡ್ಡ ಮಳೆ ಬಿದ್ದ ರಾತ್ರಿ ಅವರು ಸಲಿಕೆ ಹಿಡಿದು ಹೊಲಕ್ಕೆ ಹೋಗಿ ನಿಲ್ಲುತ್ತಿದ್ದರು. ಬೆಣ್ಣೆಹಳ್ಳದ ದಿಕ್ಕಿಗೆ ನೀರು ಎಲ್ಲಿ ಎಳೆಯುತ್ತಿದೆ, ಒಡ್ಡು ಎಲ್ಲಿ ಒಡೆಯಬಹುದು ಎಂದು ಲಾಟೀನಿನ ಬೆಳಕಿನಲ್ಲಿ ನೋಡುತ್ತಿದ್ದರು. ನನಗೆ ಸಮತಟ್ಟಾಗಿ ಕಾಣುತ್ತಿದ್ದ ಅದೇ ಹೊಲದಲ್ಲಿ ಅವರಿಗೆ ಏರು, ತಗ್ಗು, ಮೂಲೆ ಎಲ್ಲವೂ ಕಾಣುತ್ತಿದ್ದವು. ಅವರು ನೋಡುತ್ತಿದ್ದುದು ಕಾಲಡಿಯ ಮಣ್ಣನ್ನಲ್ಲ, ಇಡೀ ಸೀಮೆಯ ಒಲವನ್ನು.

ಗುಡ್ಡದ ಗ್ರೀನ್ ಕೂಡ ಹಾಗೆಯೇ. ಬದಿಯಲ್ಲಿ ದೊಡ್ಡ ದಿಬ್ಬ ಎದ್ದು ನಿಂತಿರುವಾಗ ಕಣ್ಣು ಅದನ್ನೇ ಆಧಾರ ಮಾಡಿಕೊಳ್ಳುತ್ತದೆ, ಸಣ್ಣ ಇಳಿಜಾರು ಸಮವಾಗಿ ಅಥವಾ ತಿರುಗಾಮುರುಗಾ ಕಾಣುತ್ತದೆ. ಹೀಗಾಗಿ ಐದನೇ ಹೋಲ್‌ನಿಂದ ನಾನು ಗ್ರೀನ್ ಓದುವ ಕೆಲಸವನ್ನು ಗ್ರೀನ್ ಮುಟ್ಟುವ ಮೊದಲೇ ಶುರುಮಾಡಿದೆ. ಐವತ್ತು ಗಜ ದೂರದಲ್ಲಿ ನಿಂತು, ಬೆಟ್ಟ ಎಲ್ಲಿ, ಕಣಿವೆ ಎಲ್ಲಿ, ಮಳೆನೀರು ಯಾವ ಅಂಚಿನಿಂದ ಹೊರಬೀಳಬೇಕು ಎಂದು ನೋಡುವುದು. ಆಮೇಲೆ ಚೆಂಡಿಗೂ ಕುಳಿಗೂ ನಡುವಿನ ದಾರಿಯ ಪಕ್ಕದಲ್ಲಿ ನಡೆದು ಪಾದಕ್ಕೆ ಏನು ಹತ್ತುತ್ತದೆ ಎಂದು ತಿಳಿಯುವುದು. ಕಣ್ಣು ಒಂದು, ಪಾದ ಇನ್ನೊಂದು ಹೇಳಿದರೆ ಪಾದದ ಮಾತು ಕೇಳಿದೆ. ಮೊದಲ ನಾಲ್ಕು ಗ್ರೀನ್‌ಗಳಲ್ಲಿ ನನಗೆ 11 ಪಟ್ (ಕುಳಿಯತ್ತ ಚೆಂಡು ಉರುಳಿಸುವ ಹೊಡೆತ) ಬೇಕಾಗಿದ್ದವು, ಮುಂದಿನ ನಾಲ್ಕರಲ್ಲಿ ಎಂಟು ಸಾಕಾದವು.

ಒಂಬತ್ತು ಹೋಲ್ ಮುಗಿದ ಮೇಲೆ ನೀಲಗಿರಿ ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ. ಆಮೇಲೆ ಧಾರವಾಡದ ಪೇಡೆ. ಅಣ್ಣ ಎರಡು ಪೇಡೆ ತಿಂದು ಉಳಿದವನ್ನು ಮೊಮ್ಮಕ್ಕಳಿಗೆಂದು ಕಟ್ಟಿಕೊಂಡರು. ಚಳಿ ಇದೆಯೆಂದು ಟೋಪಿ ತೆಗೆದಿಟ್ಟಿದ್ದ ನನ್ನನ್ನು ನೋಡಿ ಹಾಕಿಕೊಳ್ಳಿ ಎಂದರು. ಆ ಎತ್ತರದಲ್ಲಿ ಬಿಸಿಲು ಸುಡುವುದು ಗೊತ್ತೇ ಆಗುವುದಿಲ್ಲ. ರಾತ್ರಿ ಕನ್ನಡಿಯಲ್ಲಿ ಮೂಗು ಕೆಂಪಾಗಿರುವುದು ಕಂಡಿತು.

ಕೊನೆಯ ಗ್ರೀನ್‌ನಲ್ಲಿ ನನ್ನ ಚೆಂಡು ಕುಳಿಯಿಂದ ಹದಿನೈದು ಅಡಿ ದೂರ ನಿಂತಿತ್ತು. ಅಣ್ಣ ಈ ಸಲ ಏನೂ ಹೇಳಲಿಲ್ಲ. "ನೀವೇ ಹೇಳಿ ಸರ್, ನೀರು ಎತ್ತ ಹೋಗುತ್ತದೆ?" ಎಂದು ಕೇಳಿದರು.

ಸುತ್ತ ಒಮ್ಮೆ ನಡೆದು ಬಂದೆ. "ಮೊದಲ ಹನ್ನೆರಡಡಿ ಎಡಕ್ಕೆ ಎಳೆಯುತ್ತದೆ ಅಣ್ಣ, ಕೊನೆಯ ಎರಡು ಮೊಳ ನೇರ" ಎಂದೆ.

ಅವರು ಬಾವುಟ ಎತ್ತಿ ಪಕ್ಕಕ್ಕೆ ಸರಿದರು. ಚೆಂಡು ಎಡಕ್ಕೆ ಬಾಗಿ, ನೇರವಾಗಿ, ಕುಳಿಯ ಅಂಚನ್ನು ಸವರಿಕೊಂಡು ಒಂದು ಗೇಣು ದಾಟಿ ನಿಂತಿತು.

"ದಾರಿ ಸರಿ. ಕೈ ಜೋರಾಯಿತು" ಎಂದರು ಅಣ್ಣ.