ಹದಿನೇಳು ಹಾಕಿಸಿ ಹದಿನಾರಕ್ಕೆ ಇಳಿದಿದ್ದು

ನನ್ನ ಕಾರು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಬಿಳಿ ಬಣ್ಣ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. 1.2 ಲೀಟರ್ ಟರ್ಬೊ ಇಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಜೋರು ಇಂಜಿನ್ನಿನ ಚಿಕ್ಕ ಹ್ಯಾಚ್‌ಬ್ಯಾಕ್ ಕಾರಿಗೆ ಹಾಟ್ ಹ್ಯಾಚ್ ಅನ್ನುತ್ತಾರೆ. ಇದನ್ನೂ ಹಾಗೆ ಕರೆದರೆ ನನ್ನ ಗೆಳೆಯ ನಗುತ್ತಾನೆ. "ಬಿಸಿ ಎಲ್ಲಿ ಬಂತು ಮಾರಾಯ, ಉಗುರು ಬೆಚ್ಚಗಿದೆ ಅಷ್ಟೇ" ಅಂತಾನೆ. ಇರಲಿ. ಕುಣಿಗಲ್ ದಾಟಿದ ಮೇಲೆ ಲಾರಿಗಳ ಸಾಲನ್ನು ಹಿಂದೆ ಹಾಕುವಾಗ ನನಗೆ ಸಾಕಷ್ಟು ಬಿಸಿ ಅನ್ನಿಸುತ್ತದೆ.

ಕಂಪನಿಯಿಂದ ಬಂದಿದ್ದು 15 ಇಂಚಿನ ಅಲಾಯ್ ಚಕ್ರ, 185/60 ಟೈರ್. ಓಡಿಸುವಾಗ ಯಾವ ತಕರಾರೂ ಇರಲಿಲ್ಲ. ನಿಲ್ಲಿಸಿ ತಿರುಗಿ ನೋಡಿದಾಗಲೇ ಬೇಜಾರು. ಟೈರಿಗೂ ಮಡ್‌ಗಾರ್ಡಿನ ಕಮಾನಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಜಾಗ. ದೊಡ್ಡವರ ಶರ್ಟ್ ಹಾಕಿಕೊಂಡ ಹುಡುಗನ ಹಾಗೆ ಕಾಣುತ್ತಿತ್ತು.

ಒಂದು ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ಗೋಡೆ ತುಂಬ ಚಕ್ರಗಳು. ಸ್ವಿಫ್ಟ್, ಬಲೆನೊ, ಐ20 ಇದ್ದವರಿಗೆ ಹಬ್ಬ. ಅವೆಲ್ಲ ನಾಲ್ಕು ಬೋಲ್ಟಿನವು, ಪಿಸಿಡಿ 4x100, ಅಂದರೆ 100 ಮಿ.ಮೀ. ವ್ಯಾಸದ ಸುತ್ತಿನಲ್ಲಿ ನಾಲ್ಕು ಬೋಲ್ಟು. ಪೋಲೋಗೆ ಬೇಕಾದ್ದು 5x100. ಅದನ್ನು ಕೇಳಿದ ತಕ್ಷಣ ಗೋಡೆಯ ಮುಕ್ಕಾಲು ಭಾಗ ಖಾಲಿಯಾದ ಹಾಗೆ. ಉಳಿದಿದ್ದರಲ್ಲಿ 17 ಇಂಚಿನದು ಒಂದು ಕಣ್ಣಿಗೆ ಬಿತ್ತು. ಕಪ್ಪು ಬಣ್ಣ, ಮುಖ ಡೈಮಂಡ್ ಕಟ್, 7ಜೆ, ಅಂದರೆ ಏಳು ಇಂಚು ಅಗಲ, 205/45 ಟೈರ್. ಒಂದೂವರೆ ಗಂಟೆಯಲ್ಲಿ ಹಾಕಿ ಕೊಟ್ಟರು. ಮನೆಗೆ ಬರುವಾಗ ಅಂಗಡಿ ಗಾಜುಗಳಲ್ಲೆಲ್ಲ ನನ್ನ ಕಾರನ್ನೇ ನೋಡಿಕೊಂಡು ಬಂದೆ, ಸುಳ್ಳು ಯಾಕೆ ಹೇಳಲಿ.

ಮೊದಲ ತಕರಾರು ಎರಡೇ ದಿನಕ್ಕೆ. 80 ದಾಟಿದರೆ ಸ್ಟೀರಿಂಗ್ ಗಡಗಡ. ಅಂಗಡಿಯವರು ಬ್ಯಾಲೆನ್ಸಿಂಗ್ ಮಾಡಿದರು. ಇನ್ನೊಂದು ಸಲ ಮಾಡಿದರು. ಆಮೇಲೆ "ರೋಡ್ ಹಂಗಿದೆ ಸಾರ್" ಅಂದುಬಿಟ್ಟರು. ಕೊನೆಗೆ ಮನೆ ಹತ್ತಿರದ ಟೈರ್ ಅಂಗಡಿಯ ವಯಸ್ಸಾದವರೊಬ್ಬರು ಚಕ್ರ ಬಿಚ್ಚಿ, ನಡುವಿನ ತೂತಿನಲ್ಲಿ ಬೆರಳಾಡಿಸಿ ಕೇಳಿದರು, "ರಿಂಗ್ ಎಲ್ಲಿ ಸಾರ್?"

ಯಾವ ರಿಂಗ್ ಅಂತ ನನಗೆ ಗೊತ್ತಿರಲಿಲ್ಲ. ಪೋಲೋದ ಹಬ್, ಅಂದರೆ ಚಕ್ರದ ನಡುವಿನ ತೂತು ಕೂರುವ ಗುಬುಟು, 57.1 ಮಿ.ಮೀ. ನನ್ನ ಹೊಸ ಚಕ್ರದ ನಡುವಿನ ತೂತು 73.1. ಹೊರಗಡೆ ಸಿಗುವ ಚಕ್ರಗಳನ್ನು ಹಲವು ಕಾರುಗಳಿಗೆ ಆಗಲಿ ಅಂತ ತೂತು ದೊಡ್ಡದಾಗಿಯೇ ಮಾಡಿರುತ್ತಾರೆ. ಆ ಸಂದು ತುಂಬಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆ ಒಂದು ಬರುತ್ತದೆ, ಹಬ್ ರಿಂಗ್. ಅದಿಲ್ಲದಿದ್ದರೆ ಚಕ್ರ ನಟ್ಟನಡುವೆ ಕೂರುವುದು ಬೋಲ್ಟುಗಳ ದಯೆಯಿಂದ ಮಾತ್ರ. ಒಂದು ಕೂದಲೆಳೆ ಆಚೀಚೆ ಕೂತರೂ ನಡುಕ ಶುರು. ಅವರು ನಾಲ್ಕು ಅಲ್ಯೂಮಿನಿಯಂ ಬಳೆ ತರಿಸಿದರು. ಅಂಗೈಯಲ್ಲಿ ಇಟ್ಟರೆ ಮಗುವಿನ ಕೈಬಳೆ ಅನ್ನಬೇಕು, ಅಷ್ಟು ಹಗುರ. ಹಾಕಿದ ದಿನವೇ ಗಡಗಡ ನಿಂತಿತು.

ಎರಡನೆಯದು ದೊಡ್ಡ ಪಾಠ. ಆ ಮಳೆಗಾಲದಲ್ಲಿ ಊರಿಗೆ ಹೊರಟಿದ್ದೆ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ, ಕತ್ತಲು, ಜೋರು ಮಳೆ. ನೀರು ತುಂಬಿದ ಗುಂಡಿ ಕಾಣಲಿಲ್ಲ. ಢಬ್ ಅಂದ ಸದ್ದು ಹಲ್ಲಿನವರೆಗೂ ಬಂತು. ಇಳಿದು ಟಾರ್ಚ್ ಬಿಟ್ಟರೆ ಎಡ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ, ರಿಮ್ಮಿನ ಅಂಚು ಒಳಕ್ಕೆ ಬಾಗಿ ಗಾಳಿ ಸುಯ್ ಅಂತ ಹೋಗುತ್ತಿದೆ. ಸ್ಟೆಪ್ನಿ ತೆಗೆದೆ. ಅದು ಕಂಪನಿಯ 15 ಇಂಚಿನ ಕಬ್ಬಿಣದ ಚಕ್ರ. ಬೋಲ್ಟ್ ಹಾಕಲು ನೋಡಿದರೆ ಸರಿಯಾಗಿ ಕೂರುತ್ತಿಲ್ಲ! ಫೋಕ್ಸ್‌ವ್ಯಾಗನ್ ಕಂಪನಿ ಬೋಲ್ಟಿನ ತಲೆಯ ಕೆಳಗೆ ಗುಂಡಗಿರುತ್ತದೆ, ಚೆಂಡಿನ ಮೈ ಹಾಗೆ. ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಬೇಕಾದ್ದು ಶಂಕುವಿನ ಹಾಗೆ ಚೂಪಾಗುವ ಬೋಲ್ಟ್. ನನ್ನ ಕೈಯಲ್ಲಿದ್ದವು ಚೂಪಿನವು. ಗುಂಡನೆಯವು ಬೆಂಗಳೂರಿನ ಮನೆಯ ಅಟ್ಟದ ಮೇಲೆ, ಹಳೆ ಚಕ್ರಗಳ ಜೊತೆ ಭದ್ರವಾಗಿದ್ದವು. ಗುಂಡಗಿನ ಕುಣಿಯಲ್ಲಿ ಚೂಪು ಬೋಲ್ಟ್ ಕೂತರೆ ಅದು ಹಿಡಿದಿದೆ ಅನ್ನಿಸುತ್ತದೆಯೇ ಹೊರತು ಹಿಡಿದಿರುವುದಿಲ್ಲ. ಆ ಘಾಟಿಯಲ್ಲಿ ಅದನ್ನು ನಂಬುವ ಧೈರ್ಯ ಬರಲಿಲ್ಲ. ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಪುಟ್ಟ ಪಂಪಿನಿಂದ ಗಾಳಿ ಹೊಡೆಯುವುದು, ಸ್ವಲ್ಪ ದೂರ ಹೋಗುವುದು, ಮತ್ತೆ ಹೊಡೆಯುವುದು. ಹೀಗೆ ವಾಪಸ್ ಸಕಲೇಶಪುರ ಸೇರಿದೆ.

ಅವತ್ತು ಲಾಡ್ಜಿನಲ್ಲಿ ಕೂತು ಮಾಡಿದ ಲೆಕ್ಕವನ್ನು ಜೆ.ಸಿ. ರಸ್ತೆಗೆ ಹೋಗುವ ಮುಂಚೆ ಮಾಡಬೇಕಿತ್ತು. 185/60 ಆರ್15 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಅದರ ಅಗಲ 185 ಮಿ.ಮೀ.ರ ಶೇ. 60, ಅಂದರೆ 111 ಮಿ.ಮೀ. 205/45 ಆರ್17ರಲ್ಲಿ ಗೋಡೆ ಬರೀ 92. ಗುಂಡಿಗೂ ರಿಮ್ಮಿಗೂ ನಡುವೆ ಇರುವ ರಬ್ಬರು ಅಷ್ಟೇ. ಒಟ್ಟು ಎತ್ತರ ನೋಡಿದರೆ 603 ಮಿ.ಮೀ. ಇದ್ದದ್ದು 616 ಆಗಿತ್ತು. ಅಂದರೆ ಹೊರಗಿನ ಸುತ್ತು ಹೆಚ್ಚುಕಮ್ಮಿ ಅದೇ. ಜಾಸ್ತಿಯಾದ ಲೋಹವೆಲ್ಲ ರಬ್ಬರಿನ ಜಾಗ ತಿಂದಿತ್ತು. ಜೊತೆಗೆ ಆ ಚಕ್ರ ಒಂದು ಇಂಚು ಅಗಲ ಜಾಸ್ತಿ, ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕಿರುವ ದೂರ) 5 ಮಿ.ಮೀ. ಕಡಿಮೆ. ಅರ್ಧ ಇಂಚು ಹೊರಕ್ಕೆ, ಅದರ ಮೇಲೆ ಈ 5. ಒಟ್ಟು ಸುಮಾರು 18 ಮಿ.ಮೀ. ಹೊರಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಮೂವರು ಕೂತರೆ ಟೈರ್ ಕಮಾನಿಗೆ ಸವರಿ ಚರ್ ಅನ್ನುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಆಮೇಲೆ ನಾನು ಟೈರಿನಿಂದ ಹಿಂದಕ್ಕೆ ಬಂದೆ. ಮೊದಲು ಎಷ್ಟು ರಬ್ಬರ್ ಬೇಕು, ಆಮೇಲೆ ಅದಕ್ಕೆ ಯಾವ ರಿಮ್. 195/50 ಆರ್16 ಹಾಕಿದರೆ ಎತ್ತರ 601, ಸ್ಪೀಡೋಮೀಟರಿಗೆ ಏನೂ ತೊಂದರೆ ಇಲ್ಲ. ಗೋಡೆ ಮಾತ್ರ 97. 195/55 ಆರ್16ರಲ್ಲಿ ಗೋಡೆ 107, ಎತ್ತರ 621. ಮೂಲಕ್ಕಿಂತ ಸುಮಾರು ಶೇ. 3 ಜಾಸ್ತಿ, ಕಾರು 9 ಮಿ.ಮೀ. ಮೇಲೇಳುತ್ತದೆ. ನಮ್ಮ ತೋಟದ ರಸ್ತೆಗೆ ಅದು ವರವೇ. ಗೇರ್ ಒಂಚೂರು ಉದ್ದವಾದ ಹಾಗೆ ಅನ್ನಿಸುತ್ತದೆ, ನಿಜ. ಆದರೆ ಈ ಸೈಜಿನ ಟೈರ್ ಹಾಸನದಲ್ಲೂ ಸಿಗುತ್ತದೆ. ಆಮೇಲೆ ಕಂಪನಿಯೇ ಜಿಟಿಗೆ 16 ಇಂಚು, 195/55 ಕೊಟ್ಟಿತಲ್ಲ, ಅದೂ ಧೈರ್ಯ ಕೊಟ್ಟಿತು. ಇನ್ನೊಂದು ಸಮಾಧಾನ: ಹಾಟ್ ಹ್ಯಾಚ್ ಅಂದ ಕೂಡಲೇ ಎಲ್ಲರೂ ನೆನೆಯುವ ಪ್ಯೂಜೊ 205 ಜಿಟಿಐ 1.9ಕ್ಕೆ ಇದ್ದದ್ದು 15 ಇಂಚು. ಮೊದಲ ಗಾಲ್ಫ್ ಜಿಟಿಐ 13 ಇಂಚಿನ ಕಬ್ಬಿಣದ ಚಕ್ರದಲ್ಲೇ ಬಂದಿತ್ತು.

ರಿಮ್ 6.5ಜೆ, ಆಫ್‌ಸೆಟ್ ಕಂಪನಿಯದಕ್ಕೇ ಸಮ. ಒಳಗೊಂದು ಆರು ಮಿ.ಮೀ., ಹೊರಗೊಂದು ಆರು. ಎಲ್ಲೂ ತಾಗುವುದಿಲ್ಲ. ಈ ಸಲ ಚಕ್ರ ಮಗುಚಿ ಹಿಂಭಾಗ ಓದಿದೆ: ಅಗಲ, ಇಟಿ (ಆಫ್‌ಸೆಟ್), ಜಪಾನಿನ ಚಕ್ರ ಗುಣಮಟ್ಟದ ಜೆಡಬ್ಲ್ಯುಎಲ್ ಗುರುತು, ಎಷ್ಟು ಕಿಲೋ ಹೊರುತ್ತದೆ ಅನ್ನುವ ಅಂಕಿ. ಅಂಕಿಯೇ ಇಲ್ಲದ್ದನ್ನು ಪಕ್ಕಕ್ಕೆ ಇಟ್ಟೆ. ಹತ್ತು ತೂತು ಕೊರೆದು ಎಲ್ಲ ಕಾರಿಗೂ ಆಗುತ್ತದೆ ಅನ್ನುವವನ್ನೂ ಅಷ್ಟೇ. ನೋಡಲು ಇಡ್ಲಿ ತಟ್ಟೆ ಹಾಗಿರುತ್ತವೆ.

ಇನ್ನು ಸ್ಟೈಲು. ಬಿಳಿ ಕಾರಿಗೆ ಕಪ್ಪು ಚಕ್ರ ಹಾಕಿ ಒಂದು ವರ್ಷ ನೋಡಿದವನು ನಾನು. ಫೋಟೋದಲ್ಲಿ ಚೆಂದ, ಸಂಜೆ ಹೊತ್ತು ದೂರದಿಂದ ಚಕ್ರದ ಜಾಗದಲ್ಲಿ ನಾಲ್ಕು ಗುಂಡಿ. ಡೈಮಂಡ್ ಕಟ್ ಅಂತೂ ಬೇಡವೇ ಬೇಡ. ಲೇತ್‌ನಲ್ಲಿ ತೆಗೆದ ಮುಖ ಅದು. ಫುಟ್‌ಪಾತ್‌ಗೆ ಒಮ್ಮೆ ಸವರಿದರೆ ಬಣ್ಣ ಹಚ್ಚಿ ಮುಚ್ಚುವ ಹಾಗಿಲ್ಲ, ಲ್ಯಾಕರ್ ಬಿಟ್ಟಲ್ಲಿ ಬಿಳಿ ಎಳೆಗಳು ಹಬ್ಬುತ್ತವೆ. ಜಾಲರಿ ಡಿಸೈನ್ ನನಗೆ ತುಂಬ ಇಷ್ಟ. ಆದರೆ ತೋಟದ ಕೆಂಪು ಮಣ್ಣು ಆ ಸಂದುಗಳಲ್ಲಿ ಕೂತರೆ ಹಲ್ಲುಜ್ಜುವ ಬ್ರಷ್ಷೇ ಗತಿ. ಕಡ್ಡಿಗಳು ತೀರಾ ತೆಳ್ಳಗಿದ್ದು ಒಳಗೆಲ್ಲ ಕಂಡರೆ ಇನ್ನೊಂದು ಫಜೀತಿ. ನನ್ನ ಕಾರಿಗೆ ಹಿಂದೆ ಡ್ರಮ್ ಬ್ರೇಕ್. 17 ಇಂಚಿನ ಒಳಗೆ ಅದು ಪಾತ್ರೆ ಬೋರಲು ಹಾಕಿದ ಹಾಗೆ ಕಾಣುತ್ತಿತ್ತು.

ಕೊನೆಗೆ ತಗೊಂಡಿದ್ದು ಐದು ಜೋಡಿ ಕಡ್ಡಿಯದು, ಗಾಢ ಬೂದು ಬಣ್ಣ. ಕಡ್ಡಿಗಳು ರಿಮ್ಮಿನ ಅಂಚಿನವರೆಗೂ ಓಡುವುದರಿಂದ 16 ಇದ್ದರೂ ದೊಡ್ಡದಾಗಿ ಕಾಣುತ್ತದೆ. ಅಗಲ ಅಂಚಿನ ಚಕ್ರ ಆದರೆ ಇದಕ್ಕೆ ಉಲ್ಟಾ. ಬ್ರೇಕಿನ ಧೂಳು ಬೂದಿಯಲ್ಲಿ ಬೂದಿಯಾಗಿ ಕರಗಿಬಿಡುತ್ತದೆ. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಎರಡನ್ನೂ ಟೈರ್ ಸಮೇತ ಇಟ್ಟು ನೋಡಿದೆ. ಹದಿನೇಳಕ್ಕಿಂತ ಇದು ಎರಡೂವರೆ ಕಿಲೋ ಹಗುರ. ಸ್ಪೀಡ್ ಬ್ರೇಕರ್ ಮೇಲೆ ಆ ವ್ಯತ್ಯಾಸ ಸೊಂಟಕ್ಕೇ ಗೊತ್ತಾಗುತ್ತದೆ.

ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿ ಮಾಡಿಸಿದೆ. ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿಸಿದೆ. ಇನ್ಶೂರೆನ್ಸ್‌ನವರಿಗೂ ತಿಳಿಸಿ ಪಾಲಿಸಿಯಲ್ಲಿ ಸೇರಿಸಿದ್ದಾಯಿತು.

ಗುಂಡನೆಯ ಐದು ಬೋಲ್ಟು ಈಗ ಹಳೆ ಬನಿಯನ್ನಿನಲ್ಲಿ ಸುತ್ತಿ ಸ್ಟೆಪ್ನಿಯ ನಡುವೆ ಇಟ್ಟಿದ್ದೇನೆ. ಘಾಟಿಯ ತಿರುವಿನಲ್ಲಿ ಗಂಟು ಸಡಿಲವಾಗಿ ಗಲಗಲ ಅನ್ನುತ್ತವೆ. "ಇಷ್ಟು ದುಡ್ಡು ಸುರಿದ್ಯಲ್ಲೋ, ಇನ್ನೂ ಡಿಕ್ಕಿಯಲ್ಲಿ ಏನೋ ಸದ್ದು ಬರ್ತಿದೆ" ಅಂತಾರೆ ಅಮ್ಮ.