ನೆರಿಗೆಯೊಳಗೆ ಹೋದ ಹೂವು

ಐವತ್ತರ ದಶಕದ ಫ್ಯಾಷನ್ ಚಿತ್ರಗಳ ಹಾಗೆ ನಾನೂ ಒಂದು ಬರೆಯೋಣ ಅಂತ ಕೂತು ಮೂರು ಹಾಳೆ ಕೆಡಿಸಿದೆ.

ಆಕೃತಿ ಬೇಗ ಬಂತು. ನಿಜವಾದ ಮೈ ಸುಮಾರು ಏಳೂವರೆ ತಲೆಯಷ್ಟು ಎತ್ತರ ಇದ್ದರೆ, ಈ ಚಿತ್ರಗಳಲ್ಲಿ ಒಂಬತ್ತು ತಲೆ. ಹೆಚ್ಚಿನದ್ದು ಬಹುಪಾಲು ಕಾಲಿಗೆ ಹೋಗುತ್ತದೆ. ಸಣ್ಣ ಸೊಂಟ, ಅಗಲ ಸ್ಕರ್ಟ್. 1947ರಲ್ಲಿ ಫ್ರಾನ್ಸಿನ ಉಡುಪು ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ತಂದ ಆಕಾರ ಅದು.

ಕೈಕೊಟ್ಟಿದ್ದು ಸ್ಕರ್ಟಿನ ಹೂವುಗಳು. ಕೆಂಪು ಹೂ, ಹಳದಿ ಎಲೆ, ಒಂದೇ ಅಳತೆಯಲ್ಲಿ ಸಾಲಾಗಿ ಬರೆದಿದ್ದೆ. ದೂರ ನಿಂತು ನೋಡಿದರೆ ಬಟ್ಟೆಯೇ ಅಲ್ಲ, ಗೋಡೆಗೆ ಅಂಟಿಸೋ ಕಾಗದ!

ಕೊನೆಗೆ ಹೂವಿನ ಸ್ಕಾರ್ಫ್ ಒಂದನ್ನು ಕುರ್ಚಿಗೆ ಇಳಿಬಿಟ್ಟು ಸುಮ್ನೆ ನೋಡುತ್ತಾ ಕೂತೆ. ನೆರಿಗೆ ಬಂದಲ್ಲಿ ಹೂವು ಅರ್ಧಕ್ಕೇ ಮಾಯ. ಈಚೆ ಎರಡು ಎಸಳು, ಆಚೆ ಇನ್ಯಾವುದೋ ಹೂವಿನ ಎಲೆ. ಬಟ್ಟೆ ಪಕ್ಕಕ್ಕೆ ತಿರುಗಿದಲ್ಲಿ ದುಂಡು ಹೂವು ಮೊಟ್ಟೆಯ ಹಾಗೆ ಕಿರಿದಾಗಿದೆ. ಇಷ್ಟು ದಿನ ಇದು ಕಣ್ಣಿಗೇ ಬಿದ್ದಿರಲಿಲ್ಲ ನೋಡಿ. ಆಮೇಲೆ ಮೊದಲು ನೆರಿಗೆಗಳನ್ನು ಪೆನ್ಸಿಲಿನಲ್ಲಿ ತೆಳುವಾಗಿ ಎಳೆದೆ. ಗೆರೆ ಅಡ್ಡ ಬಂದಲ್ಲಿ ಹೂವನ್ನು ಮುಲಾಜಿಲ್ಲದೆ ಕತ್ತರಿಸಿದೆ.

ಬಣ್ಣ ಗ್ವಾಶ್. ಜಲವರ್ಣವೇ, ಆದರೆ ಕೆಳಗಿನದನ್ನು ಮುಚ್ಚುತ್ತದೆ. ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ, ಅದೇ ತಲೆನೋವು. ಸ್ಕರ್ಟಿಗೆ ನೀಲಿ ಬಳಿದು ಮೇಲೆ ಹೂವಿನ ಕೆಂಪು ಉಜ್ಜಿದೆ, ಕೆಸರಾಯಿತು. ಬಣ್ಣ ಕೆನೆಯಷ್ಟು ಗಟ್ಟಿ ಇರಬೇಕು, ಒಂದು ಸಲ ಕುಂಚ ಇಟ್ಟು ಎತ್ತಿಬಿಡಬೇಕು. ತಿಳಿ ಬಣ್ಣ ಒಣಗಿದಾಗ ತುಸು ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಅದಕ್ಕೇ ಈಗ ಬೇರೆ ಚೂರಿನ ಮೇಲೆ ಹಚ್ಚಿ, ಒಣಗಿಸಿ ನೋಡಿಯೇ ಮುಂದುವರಿಯುತ್ತೇನೆ. ನೆರಳಿಗೆ ಕಪ್ಪು ಬೆರೆಸಲಿಲ್ಲ. ನೆರಿಗೆಯೊಳಗೆ ನೀಲಿಯನ್ನೂ ಅಲ್ಲಿನ ಹೂವನ್ನೂ ಒಂದೊಂದು ಮೆಟ್ಟಿಲು ಗಾಢ ಮಾಡಿದೆ, ಅಷ್ಟೇ.

ಜಾಸ್ತಿ ಕಷ್ಟ ಆಗಿದ್ದು ನಿಲ್ಲಿಸೋದು. ಆ ಕಾಲದ ಹೆಸರಾಂತ ಫ್ಯಾಷನ್ ಚಿತ್ರಕಾರ ರೆನೆ ಗ್ರೂಓ ಬರೆದ ಚಿತ್ರಗಳಲ್ಲಿ ದಪ್ಪ ಕಪ್ಪು ಗೆರೆಯೊಂದು ಓಡುತ್ತದೆ, ಸುತ್ತ ಖಾಲಿ ಜಾಗ. ನಾನೂ ಬೆಳಕು ಬೀಳುವ ಕಡೆ ಹೂಗಳನ್ನು ವಿರಳ ಮಾಡುತ್ತಾ ಹೋಗಿ ಅಂಚಿನಲ್ಲಿ ಬಿಳಿ ಕಾಗದವನ್ನೇ ಬಿಟ್ಟೆ. ಮುಗಿಸಿಲ್ಲ ಅನ್ನೋ ಹಾಗೆ ಕಾಣಲೇ ಇಲ್ಲ. ಕೊನೆಗೆ ನೆರಳಿನ ಬದಿಗೆ ಮಾತ್ರ ಕಪ್ಪು ಇಂಕಿನಲ್ಲಿ ಒಂದೇ ಉಸಿರಿಗೆ ಗೆರೆ ಎಳೆದೆ. ಆಕೃತಿಯ ಮಣಿಕಟ್ಟಿನ ಹತ್ತಿರ ನನ್ನ ಕೈ ಸ್ವಲ್ಪ ನಡುಗಿದೆ. ತಿದ್ದಲು ಹೋಗಲಿಲ್ಲ.